ಅಮ್ಮನ ರಕ್ತದ ಅಂಟು

ಅಮ್ಮನ ಕಣ್ಣಿಗೆ ಅಮ್ಮನದೇ ರಕ್ತದಿಂದ ಅಂಟು ಮಾಡಿ ಹಾಕುತ್ತೇವೆ ಎಂದು ಜೆ.ಪಿ. ನಗರದ ಡಾಕ್ಟರು ಹೇಳಿದಾಗ ನನ್ನ ಮೈ ಜುಂ ಎಂದಿತು. ಅವಳ ಎಡಗಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದ ಬಲಗಣ್ಣಿನ ಕರಿಗುಡ್ಡೆಯ ಮೇಲಿನ ಪದರವೂ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಅದನ್ನು ತೆಗೆದು, ಯಾರೋ ಸತ್ತ ಪುಣ್ಯಾತ್ಮರು ದಾನ ಕೊಟ್ಟ ಪದರವನ್ನು ಕೂರಿಸಿ, ಹೊಲಿಗೆಯ ಬದಲು ಅಂಟಿನಿಂದ ಹಿಡಿಸುತ್ತಾರಂತೆ. ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಅಂಶವೇ ಆ ಅಂಟು.

"ನನ್ ರಕ್ತ ತಾನೇ? ನಂಗೆ ಕೈ ಕೊಡಲ್ಲ ಬಿಡಿ ಡಾಕ್ಟ್ರೇ," ಎಂದು ಅಮ್ಮ ನಕ್ಕಳು.

ನನಗೆ ನಗು ಬರಲಿಲ್ಲ. ಆಪರೇಷನ್ ಮುಗಿದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಕರೆದು, "ಚೆನ್ನಾಗಿ ಕೂತಿದೆ ಮೇಡಂ. ಆದ್ರೆ ಮೊದಲ ಕೆಲವು ದಿನ ಉಜ್ಜಬಾರದು, ಬಗ್ಗಬಾರದು, ಏಟಂತೂ ತಾಗಲೇಬಾರದು. ಪದರ ಜಾರಿದ್ರೆ ಮತ್ತೆ ಸರಿಹೋಗುತ್ತೆ ಅಂತ ಮಾತು ಕೊಡಕ್ಕಾಗಲ್ಲ," ಎಂದಿದ್ದರು.

ಅವತ್ತಿನಿಂದ ಕತ್ರಿಗುಪ್ಪೆಯ ನಮ್ಮ ಮನೆಯ ಒಂದೊಂದು ಸಾಮಾನೂ ನನ್ನ ಕಣ್ಣಿಗೆ ಶತ್ರುವಾಯಿತು. ಅರ್ಧ ತೆರೆದ ಕಪಾಟಿನ ಬಾಗಿಲು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಘಾಟಿಗೆ ಅಮ್ಮ ಸೀನಿಬಿಟ್ಟರೆ ಎಂದು ಒಗ್ಗರಣೆಯನ್ನೇ ನಿಲ್ಲಿಸಿದೆ. ಸಪ್ಪೆ ಸಾರು ತಿಂದು ಅಮ್ಮ ಗೊಣಗಿದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಡ್ರಾಪ್ಸ್ ಹಾಕಲು ಕಣ್ಣಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗಲೆಲ್ಲ ಅವಳ ಮುಂದೆ ಬಲಗೈ ಚಾಚುತ್ತಿದ್ದೆ.

"ಏನ್ ಕಾಣ್ತಿದೆ?"

"ಹಸಿರು ಬಳೆ. ಮಸುಕು ಮಸುಕು, ಆದ್ರೂ ಹಸಿರೇ."

ಆಗ ನಾನು ಉಸಿರು ಬಿಡುತ್ತಿದ್ದೆ.

ನೋಡಿಕೊಂಡು ಹೋಗಲು ಬರುವವರನ್ನು ಏನೇನೋ ನೆಪ ಹೇಳಿ ತಪ್ಪಿಸಿದೆ. ಅಪ್ಪನ ಅಕ್ಕನನ್ನು ಮಾತ್ರ ತಪ್ಪಿಸಲಾಗಲಿಲ್ಲ. ಅತ್ತೆ ಹೊಸಿಲು ದಾಟಿದರೆ ಅಮ್ಮ ಕಾಲಿಗೆ ಬೀಳಲೇಬೇಕು, ಮದುವೆಯಾದಾಗಿನಿಂದ ಅದೇ ಅಭ್ಯಾಸ. ಅದಕ್ಕೇ ಫೋನಿನಲ್ಲಿ ಮೊದಲೇ ಬೇಡಿಕೊಂಡಿದ್ದೆ: "ಅತ್ತೆ, ಅಮ್ಮ ಬಗ್ಗೋ ಹಾಗಿಲ್ಲ. ದಯವಿಟ್ಟು ತಡೀರಿ."

"ಅಷ್ಟೂ ಗೊತ್ತಾಗಲ್ವೇನೇ ನಂಗೆ?" ಎಂದಿದ್ದರು.

ಅವರು ಬಂದಾಗ ಅಮ್ಮ ಮುಚ್ಚಳ ತೆಗೆದು ಕುರ್ಚಿಯಲ್ಲಿ ಕೂತಿದ್ದಳು. ನಾನು ಫ್ರಿಜ್ಜಿನಿಂದ ಡ್ರಾಪ್ಸ್ ತೆಗೆಯುತ್ತಿದ್ದೆ. "ಅತ್ತಿಗೆ ಬಂದ್ರಾ!" ಎಂಬ ದನಿ ಕೇಳಿ ತಿರುಗುವಷ್ಟರಲ್ಲಿ ಅಮ್ಮ ಎದ್ದು ಬಗ್ಗಿಬಿಟ್ಟಿದ್ದಳು. ಅತ್ತೆ ನನ್ನ ಮಾತು ಮರೆತಿರಲಿಲ್ಲ. "ಬೇಡ ಬೇಡ ಕಣೇ!" ಎನ್ನುತ್ತಾ ತಡೆಯಲು ಎರಡೂ ಕೈ ಮುಂದೆ ಚಾಚಿದರು. ಅವರ ಹೆಬ್ಬೆರಳು ನೇರವಾಗಿ ಬಲಗಣ್ಣಿಗೆ ತಾಗಿತು.

ಅಮ್ಮ "ಹಾ" ಎಂದು ಕುರ್ಚಿಯಲ್ಲಿ ಕುಸಿದಳು. ಅತ್ತೆಯ ಮುಖ ಬಿಳಿಚಿಕೊಂಡಿತು.

"ಅಯ್ಯೋ, ನನ್ ಕೈ ಮುರೀಲಿ! ಕಾಣ್ತಿದ್ಯೇನೇ? ಹೇಳೇ!"

"ಕಾಣ್ತಿದೆ ಅತ್ತಿಗೆ. ಏನೂ ಆಗಿಲ್ಲ, ನೀವು ಕೂತ್ಕೊಳಿ."

ನಾನು ಓಡಿಬಂದು ಅವಳ ಮುಖದ ಮುಂದೆ ಕೈ ಹಿಡಿದೆ. ನಾನು ಬಂದದ್ದು ಅವಳಿಗೆ ತಿಳಿಯಿತು. ಕೇಳುವ ಮೊದಲೇ, ಅತ್ತೆಗೂ ಕೇಳಲೆಂದು ಗಟ್ಟಿಯಾಗಿ, "ಹಸಿರು ಬಳೆ," ಎಂದಳು.

"ಅಬ್ಬಾ, ದೇವರು ದೊಡ್ಡೋನು," ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

ಗಾಬರಿಯಲ್ಲಿ ನಾನು ಚಾಚಿದ್ದು ಎಡಗೈ. ಅದರಲ್ಲಿ ಬಳೆಯೇ ಇರಲಿಲ್ಲ, ವಾಚಿತ್ತು.