ಯಾರೂ ಆಡದ ಸಾಲು

ನಾಟಕ ನೋಡಿ ಮಕ್ಕಳು ಕೆಡುತ್ತವೆ ಎನ್ನುವವರು ನನ್ನ ಮುಂದೆ ಬಂದು ಹೇಳಲಿ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಮೊಮ್ಮಗಳು ಓದಿದ್ದನ್ನು ಇದೇ ಕಿವಿಯಲ್ಲಿ ಕೇಳಿದ್ದೇನೆ.

ಅವಳಾಗ ಮೂರನೇ ಕ್ಲಾಸು. ಅಕ್ಷರ ಗೊತ್ತು, ಕೂಡಿಸಿ ಓದಲು ಬಾರದು. ಟೀಚರಮ್ಮ ನನ್ನನ್ನು ಕರೆಸಿದರು.

"ದಸರಾ ರಜೆ ಮುಗಿಯೋದ್ರೊಳಗೆ ಓದಾಕೆ ಬರ್ಲಿಲ್ಲ ಅಂದ್ರೆ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸ್ತೀನ್ರಿ. ದಿನಾ ಸಂಜೆ ನಾಟಕದ ತಾಲೀಮಿಗೆ ಕರ್ಕಂಡು ಹೋಗೋದು ಮೊದ್ಲು ಬಿಡ್ರಿ ಅಜ್ಜಿ."

ನಾನು ಬಿಡಲಿಲ್ಲ. ನಮ್ಮ ತ್ಯಾವಣಿಗೆಯಲ್ಲಿ ಊರವರೇ ಕಲಿಯುತ್ತಿದ್ದ ನಾಟಕ ಅದು. ಪ್ರಾಂಪ್ಟ್ ಮಾಡುವವನು ಕೈಬರಹದ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಮಾತು ಎತ್ತಿಕೊಡುವನು. ಹಗಲೆಲ್ಲ ಟ್ರ್ಯಾಕ್ಟರ್ ಓಡಿಸಿ ಬಂದ ರಾಜನ ಪಾರ್ಟಿನವನು ಅದನ್ನೇ ಗುಡುಗುವನು. ನೋಟ್‌ಬುಕ್ಕಿಗೆ ಅಂಟಿ ಕೂತ ಮೊಮ್ಮಗಳ ಕಣ್ಣು ಬೆರಳಿನಿಂದ ರಾಜನ ಬಾಯಿಗೆ, ಬಾಯಿಂದ ಬೆರಳಿಗೆ.

ಮನೆಗೆ ಬಂದರೆ ಪ್ರಶ್ನೆ. "ಅಜ್ಜಿ, ದ್ರೋಹ ಅಂದ್ರೇನು?"

"ನನ್ನ ಪಾಲಿನ ಹೋಳಿಗೆ ತಿಂದು ಬೆಕ್ಕಿನ ಮ್ಯಾಲೆ ಹಾಕ್ತೀಯಲ್ಲ, ಅದು."

ರಜೆ ಮುಗಿದ ದಿನ ಆ ನೋಟ್‌ಬುಕ್ಕನ್ನೇ ಕೇಳಿ ತಂದು ಶಾಲೆಗೆ ಹೋದೆವು. ಮೊಮ್ಮಗಳು ಓದಿದಳು, ರಾಜನ ಗತ್ತಿನಲ್ಲೇ. ಟೀಚರಮ್ಮ ನಕ್ಕರು. "ಇದು ಓದಲ್ಲ ಅಜ್ಜಿ, ಬಾಯಿಪಾಠ. ಕೇಳಿ ಕೇಳಿ ಬಂದೈತೆ."

ನನಗೂ ಅನುಮಾನ ಬಂತು. ಇದ್ದರೂ ಇರಬಹುದು, ನಾಟಕವಿಡೀ ನನಗೂ ಬಾಯಿಗೆ ಬಂದಿತ್ತಲ್ಲ!

ಮೊಮ್ಮಗಳು ನಿಲ್ಲಿಸಲಿಲ್ಲ. ಬೆರಳು ತಡೆತಡೆದು ಸರಿಯಿತು. "ರಾಣಿಯು... ಸೆರಗಿನಿಂದ... ಕಣ್ಣು ಒರೆಸಿಕೊಂಡು... ಎಡಕ್ಕೆ ಹೋಗುವಳು."

ನಾನು ಎದ್ದು ನಿಂತುಬಿಟ್ಟೆ. "ಟೀಚರಮ್ಮಾ, ಈ ಮಾತು ನಾಟಕದಾಗೆ ಇಲ್ವೇ ಇಲ್ಲ! ತಿಂಗ್ಳಿಡೀ ಕೇಳೀನಿ, ಯಾರೂ ಒಂದಿನ ಆಡಿಲ್ಲ!"

ಅವರು ಬಗ್ಗಿ ನೋಡಿದರು. ಎರಡು ಬದಿಗೂ ಬಾಗಿದ ಗೆರೆ ಹಾಕಿದ ಸಾಲು ಅದು. ಪಾರ್ಟಿನವರು ಏನು ಮಾಡಬೇಕೆಂದು ಬರೆದದ್ದು. ಅದನ್ನು ಮಾಡಿ ತೋರಿಸುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ರಾಣಿ ಹಾಗೆ ಹೋಗುವುದನ್ನು ದಿನಾ ಕಂಡಿದ್ದ ನನ್ನ ಕೂಸು ಅದನ್ನು ಅಕ್ಷರದಲ್ಲಿ ಹುಡುಕಿಕೊಂಡಿತ್ತು.

ಟೀಚರಮ್ಮ ಇನ್ನೂ ಕಲಿಸದ ಒಂದು ಪಾಠ ತೆಗೆದುಕೊಟ್ಟರು. ಎಡವಿದಳು, ಆದರೂ ಓದಿ ಮುಗಿಸಿದಳು.

"ಹೋಗವ್ವ, ನಿನ್ನ ಜಾಗದಾಗೆ ಕೂತ್ಕೊ."

ಮೂರನೇ ಕ್ಲಾಸಿನ ಎಡಗಡೆಯ ಸಾಲಿನಲ್ಲಿ ಅವಳ ಜಾಗ. ರಾಣಿಯ ಹಾಗೆಯೇ ಹೋದಳು. ಸೆರಗಿನಿಂದ ಕಣ್ಣು ಒರೆಸಿಕೊಂಡವಳು ಮಾತ್ರ ನಾನು.

ಆ ಸಂಜೆ ಎಲ್ಲಿಗೆ ಹೋದೆವೆಂದು ಕೇಳುತ್ತೀರಾ? ತಾಲೀಮಿಗೇ!