ರೈಲ್ವೆ ಗೇಟಿನಲ್ಲಿ ಆಫ್ ಆಗುವ ಕಾರು

ಓಡುವಾಗ ನಮ್ಮ ಕಾರಿಗೆ ಸಾಟಿಯಿರಲಿಲ್ಲ. ನಿಂತಾಗ ಮಾತ್ರ ಮಾನ ಕಳೆಯುತ್ತಿತ್ತು. ಇಂಗ್ಲೆಂಡಿಗೆ ವಾಪಸು ಹೊರಟ ಬಿಳಿ ಸಾಹೇಬನೊಬ್ಬ ಬಿಟ್ಟುಹೋದ, ಎರಡು ಕಾರ್ಬುರೇಟರಿನ ರೇಸ್ ಗಾಡಿ ಅದು. ಚಿನ್ನದ ಗಣಿ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ ನನ್ನ ಗಂಡ ಅದನ್ನು ಚಾಂಪಿಯನ್ ರೀಫ್ಸಿನ ನಮ್ಮ ಲೈನ್ ಮನೆ ಮುಂದೆ ತಂದು ನಿಲ್ಲಿಸಿದ್ದರು. ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಬೂದಿಕೋಟೆಯಲ್ಲಿ ಎತ್ತಿನ ಗಾಡಿ ಹೊಡೆದು ಬೆಳೆದವಳಿಗೆ ಸ್ಟೀರಿಂಗ್ ಹಿಡಿಯಲು ಏನು ಭಯ?

ತವರಿಗೆ ಹೊರಟಾಗಲೆಲ್ಲ ಬಂಗಾರಪೇಟೆಯ ರೈಲ್ವೆ ಗೇಟು ಹಾಕಿರುತ್ತಿತ್ತು. ಕಾರು ನಿಂತ ಕೂಡಲೇ ಇಂಜಿನ್ ಮಿಸ್ಸಿಂಗ್ ಹೊಡೆದು, ಬಾನೆಟ್ಟು ಗಡಗಡ ನಡುಗಿ, ಆಫ್. ಬ್ಯಾಟರಿಯೂ ಹಳೆಯದು, ತಳ್ಳಿದರಷ್ಟೇ ಮತ್ತೆ ಸ್ಟಾರ್ಟ್. ಪಕ್ಕದ ಟೀ ಅಂಗಡಿಯಲ್ಲಿ ಕೂತವರಿಗೆ ಅದೇ ಮೋಜು. "ಎಂಗ್ಸು ಕೈಗೆ ಗಾಡಿ ಕೊಟ್ರೆ ಇನ್ನೇನಾಯ್ತದೆ?" ಎಂದು ನಗುತ್ತಲೇ ತಳ್ಳುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಡ ಕಾರ್ಬುರೇಟರುಗಳನ್ನು ಬಿಚ್ಚಿ ತೊಳೆದರು, ಪ್ಲಗ್ಗು ಬದಲಿಸಿದರು, ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾದರು. ಕೊನೆಗೊಂದು ಭಾನುವಾರ ಕೈಚೆಲ್ಲಿದರು.

"ಕಾರ್ಬುರೇಟರ್ ಸವ್ದೋಗೈತೆ. ನಾಳೆ ರಾಬರ್ಟ್‌ಸನ್‌ಪೇಟೆ ಗುಜರಿಯವ್ನು ಬತ್ತಾನೆ, ತಗೊಂಡೋಗ್ಲಿ ಬುಡು."

"ಅದೆಂಗ್ ತಗೊಂಡೋಗ್ತಾನೋ ನಾನೂ ನೋಡ್ತೀನಿ," ಎಂದೆ. ಈ ಕಾರು ಹೋದರೆ ಇನ್ನು ಯಾವ ಸ್ಟೀರಿಂಗೂ ನನ್ನ ಕೈಗೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಇಂಜಿನ್ ಆಫ್ ಆಗದಂತೆ ಅವರಿಗೆ ಆಕ್ಸಿಲರೇಟರ್ ಒತ್ತಿಕೊಂಡು ಕೂರಲು ಹೇಳಿ, ನಾನು ಬಾನೆಟ್ಟಿನೊಳಗೆ ಬಗ್ಗಿದೆ. ಎಲ್ಲೋ ಸಣ್ಣಗೆ ಸುಯ್ ಎನ್ನುತ್ತಿತ್ತು. ಗಣಿಯೊಳಗೆ ಗಾಳಿ ಯಾವ ಕಡೆ ಎಳೆಯುತ್ತದೆಂದು ಹೊಗೆ ಬಿಟ್ಟು ನೋಡುತ್ತಾರೆ ಅಂತ ಅವರೇ ಒಮ್ಮೆ ಹೇಳಿದ್ದರು. ಒಳಗೆ ಹೋಗಿ ದೇವರ ಗೂಡಿನಿಂದ ಊದಿನಕಡ್ಡಿ ಹಚ್ಚಿ ತಂದೆ.

"ಏ, ಪೆಟ್ರೋಲೈತೆ! ಸುಟ್ಕೊಂಡ್ ಸಾಯ್ತೀಯ!"

"ಸತ್ರೆ ನಾನ್ ಸಾಯ್ತೀನಿ. ನೀವ್ ಕಾಲೆತ್ಬ್ಯಾಡಿ."

ಮಾಡಬಾರದ ಕೆಲಸ ಅಂತ ಆಮೇಲೆ ಕೇಳಿದವರೆಲ್ಲ ಅಂದರು. ನಾನು ಇಂದಿಗೂ ಒಪ್ಪಿಲ್ಲ. ಮೊದಲನೆಯ ಕಾರ್ಬುರೇಟರಿನ ಪಕ್ಕ ಹೊಗೆ ನೆಟ್ಟಗೆ ಏರಿತು. ಎರಡನೆಯದು ಇಂಜಿನ್ನಿಗೆ ಕೂಡುವ ಜಾಗದಲ್ಲಿ ಹೊಗೆ ಬಾಗಿ ಸಂದಿಯೊಳಗೆ ನುಗ್ಗಿತು. ಬಿಚ್ಚಿ ನೋಡಿದರೆ ನಡುವೆ ಗಾಳಿ ನುಸುಳದಂತೆ ಇಟ್ಟಿದ್ದ ರಟ್ಟಿನ ಪ್ಯಾಕಿಂಗ್ ಹರಿದಿತ್ತು. ಓಡುವಾಗ ಆ ಕಳ್ಳಗಾಳಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಿಂತಾಗ ಅದೇ ಪೆಟ್ರೋಲನ್ನು ತೆಳುಮಾಡಿ ಇಂಜಿನ್ನಿನ ಕತ್ತು ಹಿಸುಕುತ್ತಿತ್ತು.

ಗಂಡ ದಪ್ಪ ರಟ್ಟನ್ನು ಕಾರ್ಬುರೇಟರಿನ ಅಂಚಿಗೆ ಒತ್ತಿ, ಸುತ್ತಿಗೆಯಿಂದ ತಟ್ಟಿ ಹೊಸ ಪ್ಯಾಕಿಂಗ್ ಕತ್ತರಿಸಿದರು. ಆಮೇಲೆ ಕಾರು ತಳ್ಳಿಸಿ ಸ್ಟಾರ್ಟ್ ಮಾಡಿ, ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು ಇನ್ನೊಂದನ್ನು ನನ್ನ ಕೈಗಿತ್ತು, "ನಿನ್ ಕಿವಿ ಚುರುಕು, ನೀನೇ ಕೇಳು," ಎಂದರು. ಎರಡು ಕಾರ್ಬುರೇಟರಿನ ಉಸಿರೂ ಸಮವಾಗುವವರೆಗೆ ನಾನು ಹೇಳಿದಂತೆ ಸ್ಕ್ರೂ ತಿರುಗಿಸಿದರು. ಆ ಸುಖವನ್ನು ನಾನು ಮರೆತಿಲ್ಲ.

ಸಂಜೆ ಬೇಕೆಂದೇ ಬಂಗಾರಪೇಟೆಗೆ ಹೊಡೆದೆ. ಗೇಟು ಹಾಕಿತ್ತು. ಟೀ ಅಂಗಡಿಯವರು ಕರೆಯುವ ಮುಂಚೆಯೇ ಬಂದು ಕಾರಿನ ಹಿಂದೆ ಕೈಯೂರಿ ನಿಂತರು. ಗೂಡ್ಸ್ ರೈಲು ಆಮೆಯಂತೆ ಸಾಗಿತು. ಇಂಜಿನ್ ಬೇಯುವ ಅನ್ನದ ಹಾಗೆ ಸಣ್ಣಗೆ ಗೊಣಗುತ್ತಲೇ ಇತ್ತು. ಹಿಂದಿನವರು ಇನ್ನೂ ಕೈಯೂರಿಯೇ ನಿಂತಿದ್ದರು.

ಗೇಟು ಎದ್ದಿತು. ನಾನು ಗೇರು ಹಾಕಿದೆ.

"ಕೈ ತೆಗೀರಿ," ಎಂದೆ. "ಮುಗ್ಗರಿಸ್ತೀರ."