ಬಲಗೈಗೊಂದು ಕರಿ ಗವಸು

ಅವಳ ಕೈ ಎರಡನ್ನೂ ಕಟ್ಟಿಹಾಕಿದರೆ ಬಾಯಿಂದ ಒಂದು ಅಕ್ಷರ ಹೊರಡಲಿಕ್ಕಿಲ್ಲ ಅಂತ ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಈ ಮೇಡಂ ಎರಡು ಮೂಲಂಗಿ ಕೇಳಿದರೂ ಗಾಳಿಯಲ್ಲಿ ಮೂಲಂಗಿ ಬೆಳೆದು ನಿಲ್ಲುತ್ತಿತ್ತು. "ಅಮ್ಮಾ, ಅಷ್ಟುದ್ದದ್ದು ನನ್ನ ಗಾಡೀಲಿಲ್ಲ" ಅಂತ ತರಕಾರಿಯವನು ಕೈಮುಗಿಯುತ್ತಿದ್ದ. ಎದುರುಮನೆ ಅಜ್ಜಿಯಂತೂ, "ನಿನ್ನ ಹೆಂಡ್ತಿ ಮಾತಾಡುವಾಗ ಪಕ್ಕದಲ್ಲಿ ನಿಲ್ಬೇಡಪ್ಪಾ, ಕಣ್ಣಿಗೆ ಬೆರಳು ಹೋದೀತು" ಎಂದು ಅವಳ ಗಂಡನಿಗೆ ಬುದ್ಧಿ ಹೇಳುತ್ತಿದ್ದಳು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವವನಿಗೆ ಮಾತೆಲ್ಲಿಂದ ಬರಬೇಕು? ಇಬ್ಬರ ಪಾಲಿನ ಮಾತನ್ನೂ ದೇವರು ಅವಳೊಬ್ಬಳಿಗೇ ಕೊಟ್ಟುಬಿಟ್ಟಿದ್ದ.

ಇಂಥವಳು ಒಂದು ದಿನ ಬಸ್ಸಿನ ಮೆಟ್ಟಿಲಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆರು ತಿಂಗಳು ಕಳೆದು ಊರುಗೋಲು ಹಿಡಿದು ಶಾಲೆಗೆ ಬಂದಾಗ ಹೆಡ್‌ಮಾಷ್ಟ್ರು ಕನ್ನಡಕ ಒರೆಸುತ್ತ ಹೇಳಿದರು: "ನೀವಿನ್ನು ಹೆಚ್ಚು ಹೊತ್ತು ನಿಲ್ಲೋ ಹಾಗಿಲ್ಲ, ಓಡಾಡೋ ಹಾಗಿಲ್ಲ. ಆಫೀಸಲ್ಲಿ ಕೂತು ಹಾಜರಿ ಪುಸ್ತಕ ನೋಡ್ಕೊಳ್ಳಿ ಮೇಡಂ, ಆರಾಮಾಗಿರುತ್ತೆ."

"ಆರಾಮು ಯಾರಿಗೆ ಬೇಕು ಸಾರ್? ನನಗೆ ಮಕ್ಕಳು ಬೇಕು."

"ಸರಿ ಹಾಗಾದ್ರೆ. ಶುಕ್ರವಾರ ಏಳನೇ ಕ್ಲಾಸಿಗೆ ಕೂತಲ್ಲೇ ಕೂತು ಒಂದು ಪಾಠ ಮಾಡಿ. ಹಿಂದಿನ ಬೆಂಚಲ್ಲಿ ನಾನಿರ್ತೀನಿ. ನಡೆಸಿದ್ರೆ ಕ್ಲಾಸು ನಿಮ್ಮದು, ಇಲ್ಲಾಂದ್ರೆ ಆಫೀಸು."

ಕಂಪ್ಯೂಟರ್ ಮಾಷ್ಟ್ರು ಉಪಾಯ ಹುಡುಕಿಕೊಟ್ಟರು. ಲ್ಯಾಪ್‌ಟಾಪಿನ ಕ್ಯಾಮೆರಾದ ಮುಂದೆ ಕೈ ಬೀಸಿದರೆ ಪರದೆಯ ಚಿತ್ರ ಬದಲಾಗುತ್ತದೆ, ಬೆರಳು ಅರಳಿಸಿದರೆ ದೊಡ್ಡದಾಗುತ್ತದೆ. ಕೈ ಬೇಡವೆಂದರೆ ಬಾಯಲ್ಲಿ "ಮುಂದೆ", "ಹಿಂದೆ" ಅಂದರೂ ಸಾಕು. ಅವಳು ಅದನ್ನು ಮನೆಗೆ ತಂದು, ಸ್ಟೂಲಿನ ಮೇಲೆ ಕೂತು ಒಮ್ಮೆ ಕೈ ಬೀಸಿದಳು. ಪರದೆಯ ಮೇಲೆ ಹೃದಯ ಬಂದು ನಿಂತಿತು!

"ರೀ, ಬನ್ರೀ ಇಲ್ಲಿ! ಗಾಳೀಲಿ ಕೈ ಆಡಿಸಿದ್ರೆ ಕೆಲಸ ಆಗುತ್ತೆ! ಇಷ್ಟು ವರ್ಷ ಪುಕ್ಕಟೆ ಆಡಿಸಿದ್ನಲ್ರೀ!"

ಆದರೆ ಮನೆಯಲ್ಲೇ ಪಾಠದ ತಾಲೀಮು ಶುರುಮಾಡಿದ್ದೇ ತಡ, ಬಂತು ನೋಡಿ ಪೇಚು. "ಹೃದಯಕ್ಕೆ ನಾಲ್ಕು ಕೋಣೆ ಮಕ್ಕಳೇ" ಎಂದು ಅಭ್ಯಾಸಬಲದಿಂದ ಬಲಗೈ ಎತ್ತಿದಳು. ಹೃದಯ ಓಡಿತು, ಶ್ವಾಸಕೋಶ ಬಂತು. ಗಾಬರಿಯಿಂದ ಕೈ ಬೀಸಿದಳು, ಶ್ವಾಸಕೋಶವೂ ಓಡಿತು. ಎರಡು ಮಾತು ಮುಗಿಯುವಷ್ಟರಲ್ಲಿ ಪರದೆ ಕೊನೆಯ 'ಧನ್ಯವಾದಗಳು' ಮುಟ್ಟಿತ್ತು. ಬಲಗೈಯನ್ನು ತೊಡೆಯಡಿಗೆ ಹಾಕಿ ಕೂತರೆ ಚಿತ್ರವೇನೋ ನಿಂತಿತು, ಮಾತೂ ನಿಂತಿತು. "ಹೃದಯ... ಅಂದ್ರೆ... ಅದೇ ಇದು..." ಬೀದಿಯವರ ಬಾಯಿಮಾತು ನಿಜವಾಗಿತ್ತು. ಫೋನು ಮಾಡಿದರೆ ಕಂಪ್ಯೂಟರ್ ಮಾಷ್ಟ್ರು, "ಅದಕ್ಕೆ ಎಡ-ಬಲ ಗೊತ್ತಾಗಲ್ಲ ಮೇಡಂ, ಕಂಡ ಕೈಗೆಲ್ಲ ಕುಣಿಯುತ್ತೆ. ಬರೀ ಬಾಯಿಮಾತಿಗೆ ಬಿಟ್ರೆ ಚಿತ್ರ ದೊಡ್ಡದಾಗಲ್ಲ" ಅಂದರು. ಆಗಲೇ ಗುರುವಾರ ಮಧ್ಯಾಹ್ನ. ಅವಳ ಕಣ್ಣಲ್ಲಿ ನೀರು.

ದರ್ಜಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದೇ ತೆಗೆದಿಟ್ಟ. ಅಂದರೆ ಮಾತಾಡುತ್ತಾನೆ ಅಂತ ಅರ್ಥ.

"ಕ್ಲಾಸಲ್ಲಿ ನಿನ್ನ ಹಿಂದಿರೋ ಬೋರ್ಡು ಯಾವ ಬಣ್ಣನೇ?"

"ಕಪ್ಪು. ಯಾಕ್ರೀ?"

"ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಹಾಕಿದ್ರೆ ನನ್ನ ಕಣ್ಣಿಗೇ ಸರಿಯಾಗಿ ಕಾಣಲ್ಲ. ಇನ್ನು ಆ ಪೆಟ್ಟಿಗೆಗೆ ಕಂಡೀತಾ?"

ಕೋಟಿಗೆ ಕತ್ತರಿಸಿ ಉಳಿದಿದ್ದ ಕರಿ ತುಂಡು ಹೊರಬಂತು. ಯಂತ್ರ ಗಡಗಡ ಅಂತು. ಸಂಜೆಯ ಹೊತ್ತಿಗೆ ಮೊಣಕೈವರೆಗಿನ ಒಂಟಿ ಗವಸು ಸಿದ್ಧ. "ಮಾತಿಗೆ ಬಲಗೈ, ಕೆಲಸಕ್ಕೆ ಎಡಗೈ. ಹಾಕ್ಕೋ." ಗೋಡೆಗೆ ಕರಿ ಬಟ್ಟೆ ಇಳಿಬಿಟ್ಟು ನೋಡಿದರು. ಬಲಗೈ ಎಷ್ಟು ಕುಣಿದರೂ ಹೃದಯ ಅಲ್ಲಾಡಲಿಲ್ಲ! ಅವಳು ಕೂತಲ್ಲೇ ಗಂಡನ ಬೆನ್ನಿಗೊಂದು ಗುದ್ದಿದಳು. ಅದು ಅವಳ ಶಹಬ್ಬಾಸ್‌ಗಿರಿ.

ಶುಕ್ರವಾರ ಒಂಟಿ ಗವಸು ಕಂಡು ಏಳನೇ ಕ್ಲಾಸು ಗೊಳ್ಳೆಂದಿತು. ಮಕ್ಕಳ ಕಣ್ಣಿಗೆ ಆ ಕೈ ಕಾಣುತ್ತಿತ್ತು, ಕ್ಯಾಮೆರಾದ ಪಾಲಿಗೆ ಮಾತ್ರ ಕರಿಹಲಗೆಯಲ್ಲಿ ಕರಗಿಹೋಗಿತ್ತು. ಎಡಗೈ ಬೆರಳು ಅರಳಿದ್ದೇ, ಪ್ರೊಜೆಕ್ಟರಿನಿಂದ ಪಕ್ಕದ ಗೋಡೆಗೆ ಬಿದ್ದಿದ್ದ ಹೃದಯ ಗೋಡೆಯಗಲ ಆಯಿತು. ಗೊಳ್ಳೆಂದವರು ಕತ್ತು ಚಾಚಿದರು. ಬಲಗೈ ಮುಷ್ಟಿ ಬಿಗಿದು ಬಿಚ್ಚಿ, ರಕ್ತ ನುಗ್ಗುವುದನ್ನು ತೋರಿಸಿತು. ಅಷ್ಟರಲ್ಲಿ ಕಿಟಕಿ ಪಕ್ಕದ ತುಂಟಿಯೊಬ್ಬಳು "ಮುಂದೆ!" ಎಂದು ಕೂಗಿದಳು. ಚಿತ್ರ ಹಾರಿತು! ಇಡೀ ಕ್ಲಾಸಿಗೆ ಗುಟ್ಟು ಗೊತ್ತಾಯಿತು. "ಹಿಂದೆ!" "ಮುಂದೆ!" "ಹಿಂದೆ!" ಸಂತೆಯೇ ನೆರೆಯಿತು. ಹೆಡ್‌ಮಾಷ್ಟ್ರು ಅರ್ಧ ಎದ್ದರು. ಕ್ಲಾಸು ಕೈತಪ್ಪಿತೇ?

ಅವಳು ಊರುಗೋಲಿನಿಂದ ನೆಲ ಕುಟ್ಟಿದಳು. "ಆಯ್ತು ಕಣ್ರೋ, ನೀವೇ ಓಡಿಸಿ! ಆದ್ರೆ ಒಂದು ಷರತ್ತು. ರಕ್ತ ಇಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಹೇಳಿದವರು ಮಾತ್ರ 'ಮುಂದೆ' ಅನ್ಬೇಕು. ತಪ್ಪು ಹೇಳಿದ್ರೆ 'ಹಿಂದೆ' ಅನ್ನೋಳು ನಾನು!"

ಆಮೇಲೆ ಕೇಳಬೇಕೇ! ಬಲ ಮೇಲಿನ ಕೋಣೆ, ಬಲ ಕೆಳಗಿನ ಕೋಣೆ... ಬೆಂಚಿನಿಂದ ಬೆಂಚಿಗೆ ರಕ್ತ ಹರಿಯಿತು. ತಪ್ಪಿದವರು ತಲೆ ಚಚ್ಚಿಕೊಂಡರು, ಪುಸ್ತಕ ತಿರುವಿದರು, ಮತ್ತೆ ಕೈ ಎತ್ತಿದರು. ಹೆಡ್‌ಮಾಷ್ಟ್ರು ಕೂತದ್ದು ಯಾವಾಗಲೋ, ಮೈಮರೆತದ್ದು ಯಾವಾಗಲೋ. ಇದ್ದಕ್ಕಿದ್ದಂತೆ ಅವರ ಬಾಯಿಂದಲೇ ಹೊರಟಿತು: "ಮುಂದೆ!"

"ಸಾರ್! ಎಲ್ಲಿಗೆ ಅಂತ ಮೊದ್ಲು ಹೇಳಿ ಸಾರ್!" ನಲವತ್ತು ಗಂಟಲು ಒಟ್ಟಿಗೆ.

ವ್ಯಾಕರಣ ಕಲಿಸಿ ಕೂದಲು ಹಣ್ಣಾದ ಮನುಷ್ಯ. ಕಿವಿ ಕೆಂಪಾಯಿತು. "ಶ್ವಾಸಕೋಶಕ್ಕೆ... ಅಲ್ವೇ ಮೇಡಂ?"

"ಸರಿ ಸಾರ್!" ಅಂದಳು. ಕ್ಲಾಸು ಚಪ್ಪಾಳೆ ತಟ್ಟಿತು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಬಾಗಿಲು ದಾಟುವಾಗ ಹೆಡ್‌ಮಾಷ್ಟ್ರು, "ಹಾಜರಿ ಪುಸ್ತಕಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ" ಎಂದಷ್ಟೇ ಹೇಳಿ ಹೋದರು.

ಅಲ್ಲಿಂದಾಚೆ ನಾಲ್ಕು ವರ್ಷ ಅವಳ ಪಾಠ ನೋಡಲು ಬೇರೆ ಶಾಲೆಗಳಿಂದಲೂ ಮೇಷ್ಟರುಗಳು ಬಂದರು. ಕೊನೆಗೆ ದೂರದ ಊರಿನ ಶಿಕ್ಷಕರ ತರಬೇತಿ ಕೇಂದ್ರದಿಂದ, ಇಲ್ಲೇ ಬಂದು ಕಲಿಸಿ ಎಂದು ಕರೆ ಬಂತು. ಹೊಲಿಗೆ ಯಂತ್ರ, ಪಾತ್ರೆಪಗಡ ಎಲ್ಲ ಲಾರಿ ಹತ್ತಿದವು. ಅವಳು ಖಾಲಿ ಕೋಣೆಯಲ್ಲಿ ನಿಂತು, ಸೋಮವಾರದ ಮೊದಲ ಪಾಠವನ್ನು ಬರಿಗೋಡೆಗೆ ಹೇಳುತ್ತಿದ್ದಳು.

"ಏ ಮಾರಾಯ್ತಿ, ಗೋಡೆಗೆ ಪಾಠ ಸಾಕು, ಲಾರಿ ಹೊರಡ್ತಿದೆ!"

"ಬಂದೆ ರೀ! ಒಂದೇ ಒಂದು ಮಾತು ಬಾಕಿ ಇತ್ತು, ದಾರೀಲಿ ನಿಮಗೇ ಹೇಳ್ತೀನಿ."

ಊರುಗೋಲು ಮೊದಲು ಹೊಸ್ತಿಲು ದಾಟಿತು, ಹಿಂದೆಯೇ ಅವಳು. ಬಾಗಿಲು ಎಳೆದುಕೊಂಡದ್ದು ದರ್ಜಿ. ಅವಳಿಗೆ ಅದಕ್ಕೆಲ್ಲ ಪುರಸೊತ್ತು ಎಲ್ಲಿತ್ತು?